ಸೌಧದೊಳಗೆ ಜನರಿಗೊಂದು ಕುರ್ಚಿ

2023ರ ಜುಲೈ 7. ಮುಖ್ಯಮಂತ್ರಿ ಸಿದ್ದರಾಮಯ್ಯ ವಿಧಾನಸಭೆಯಲ್ಲಿ ಬಜೆಟ್ ಮಂಡಿಸುವ ದಿನ. ಚುನಾವಣೆ ಮುಗಿದು ಎರಡು ತಿಂಗಳು ತುಂಬಿರಲಿಲ್ಲ; ಸದನದಲ್ಲಿ ಹೊಸ ಮುಖಗಳು ಬಹಳ. ಅವುಗಳ ನಡುವೆ ವಯಸ್ಸಾದ ಒಬ್ಬರು ಬಂದು ದೇವದುರ್ಗದ ಶಾಸಕಿಯ ಆಸನದಲ್ಲಿ ಸುಮಾರು ಹದಿನೈದು ನಿಮಿಷ ಕೂತಿದ್ದರು. ಸುತ್ತ ಇದ್ದವರು ಯಾರೋ ಹೊಸ ಶಾಸಕರಿರಬೇಕು ಅಂದುಕೊಂಡರು. ಅನುಮಾನಪಟ್ಟ ಶಾಸಕರೊಬ್ಬರು ವಿಷಯವನ್ನು ಸಭಾಧ್ಯಕ್ಷರ ಕಿವಿಗೆ ಹಾಕಿದ ಮೇಲಷ್ಟೇ ಗೊತ್ತಾಯಿತು, ಅವರು ಶಾಸಕರಲ್ಲ, ವೀಕ್ಷಕರ ಪಾಸ್ ಹಿಡಿದು ಒಳಗೆ ಬಂದವರು ಎಂದು.

ಆ ದಿನ ಟಿವಿಗಳಲ್ಲಿ, ಮರುದಿನ ಪತ್ರಿಕೆಗಳಲ್ಲಿ ಭದ್ರತಾ ಲೋಪದ ಬಗ್ಗೆ ದೊಡ್ಡ ಚರ್ಚೆಯಾಯಿತು. ಆಗಬೇಕಾದ ಚರ್ಚೆಯೇ ಅದು. ಆದರೆ ಅದರ ಪಕ್ಕದಲ್ಲೇ ಇದ್ದ ಇನ್ನೊಂದು ಪ್ರಶ್ನೆಯನ್ನು ಹೆಚ್ಚು ಜನ ಕೇಳಲಿಲ್ಲ. ಶಾಸಕರ ಆಸನದ ಮಾತು ಬಿಡಿ, ವೀಕ್ಷಕರಿಗೆಂದೇ ಇರುವ ಗ್ಯಾಲರಿಯ ಕುರ್ಚಿಯಲ್ಲಿ ಸಾಮಾನ್ಯ ಕನ್ನಡಿಗನೊಬ್ಬ ಒಂದು ಗಂಟೆ ಕೂತು, ತಾನು ಆರಿಸಿ ಕಳಿಸಿದವರು ಏನು ಮಾಡುತ್ತಿದ್ದಾರೆ ಎಂದು ನೋಡಬೇಕಾದರೆ ಯಾರನ್ನು ಕೇಳಬೇಕು?

ಉತ್ತರ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. ಶಾಸಕರನ್ನೋ, ಅವರ ಆಪ್ತ ಸಹಾಯಕರನ್ನೋ ಕೇಳಬೇಕು. ಶಿಫಾರಸು ಸಿಕ್ಕಿದರೆ ಪಾಸ್, ಪಾಸ್ ಇದ್ದರೆ ಗೇಟು. ದಿಲ್ಲಿಯ ಸಂಸತ್ತಿನಲ್ಲೂ ರೂಢಿ ಇದೇ. ಅಲ್ಲಿ ಶಿಫಾರಸು ಮಾಡುವ ಸದಸ್ಯರು, ಈ ವ್ಯಕ್ತಿ ತಮಗೆ ಖುದ್ದಾಗಿ ಗೊತ್ತು, ಇವರ ಹೊಣೆ ತಮ್ಮದು ಎಂದು ಬರೆದು ಸಹಿ ಹಾಕಬೇಕು. ಅಂದರೆ ಸದನದ ಬಾಗಿಲು ನಾಗರಿಕನಿಗೆ ತೆರೆಯುವುದು ನಾಗರಿಕ ಎಂಬ ಕಾರಣಕ್ಕಲ್ಲ, ಪರಿಚಯಸ್ಥ ಎಂಬ ಕಾರಣಕ್ಕೆ.

ವಿಧಾನಸೌಧ ಕಟ್ಟಿದ ಕಾಲದ ಮನಸ್ಸು ಹೀಗಿರಲಿಲ್ಲ ಎನ್ನುವುದಕ್ಕೆ ಕಟ್ಟಡವೇ ಸಾಕ್ಷಿ. 1951ರ ಜುಲೈ 13ರಂದು ಜವಾಹರಲಾಲ್ ನೆಹರು ಅಡಿಗಲ್ಲು ಇಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಕೆ.ಸಿ. ರೆಡ್ಡಿ, ಯೋಜನೆಯೂ ಆಗ ಸರಳವಾಗಿಯೇ ಇತ್ತು. ಮರುವರ್ಷ ಅಧಿಕಾರಕ್ಕೆ ಬಂದ ಕೆಂಗಲ್ ಹನುಮಂತಯ್ಯನವರು ಆ ನಕ್ಷೆಯನ್ನು ಬದಿಗಿಟ್ಟರು. ಮುಖ್ಯ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಅವರ ಕೈಯಲ್ಲಿ ದ್ರಾವಿಡ ಶೈಲಿಯ ಹೊಸ ರೂಪ ಮೂಡಿತು. ಮಲ್ಲಸಂದ್ರದ ಕಲ್ಲು, ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕರಿಕಲ್ಲು ಬಂದವು. ಸಾವಿರಾರು ಕೂಲಿಕಾರರು ಮತ್ತು ಕಲ್ಲುಕುಟಿಗರ ಜೊತೆ ಜೈಲಿನ ಕೈದಿಗಳೂ ದುಡಿದರು. ಉದ್ದ 700 ಅಡಿ, ಅಗಲ 350 ಅಡಿ. ಪೂರ್ವದ ಮುಖಮಂಟಪದಲ್ಲಿ ನಲವತ್ತು ಅಡಿ ಎತ್ತರದ ಹನ್ನೆರಡು ಕಂಬಗಳು. ಅವುಗಳ ಮುಂದೆ ಇನ್ನೂರು ಅಡಿಗೂ ಮೀರಿದ ಅಗಲದ ಮೆಟ್ಟಿಲ ಸಾಲು, ನೆಲದಿಂದ ನೇರವಾಗಿ ಮೊದಲ ಮಹಡಿಯ ಮೊಗಸಾಲೆಗೆ.

ಆ ಮೆಟ್ಟಿಲುಗಳನ್ನು ಸುಮ್ಮನೆ ನೋಡಿದರೂ ಅವು ಯಾರಿಗಾಗಿ ಎನ್ನುವುದು ತಿಳಿಯುತ್ತದೆ. ಮುಖ್ಯಮಂತ್ರಿ, ಮಂತ್ರಿಗಳು ಕಾರಿನಲ್ಲಿ ಬಂದು ಇಳಿಯುವುದಕ್ಕೆ ಅಷ್ಟು ಅಗಲ ಬೇಕಿಲ್ಲ. ಗುಂಪು ಗುಂಪಾಗಿ ಜನ ಹತ್ತಿ ಬರಲಿ ಎನ್ನುವ ಅಳತೆ ಅದು. ನಾಲ್ಕಾರು ವರ್ಷ ಹಗಲೂ ರಾತ್ರಿ ಅದರ ಬೆನ್ನು ಹತ್ತಿದ್ದ ಹನುಮಂತಯ್ಯನವರು ಮುಖ್ಯಮಂತ್ರಿಯಾಗಿ ಆ ಮನೆಯಲ್ಲಿ ಕೂರಲಿಲ್ಲ. ಸುಮಾರು 1.8 ಕೋಟಿ ರೂಪಾಯಿಯ ಖರ್ಚಿನ ಬಗ್ಗೆ ಟೀಕೆ, ವಿಚಾರಣೆ ಎಲ್ಲ ಎದುರಾದವು. 1956ರ ಆಗಸ್ಟ್‌ನಲ್ಲಿ ಅವರು ಅಧಿಕಾರದಿಂದ ಇಳಿದರು. ಸೌಧ ಬಳಕೆಗೆ ಸಿದ್ಧವಾದದ್ದು ಅದೇ ವರ್ಷ. ನವೆಂಬರ್ 1ರಂದು ಮೈಸೂರು ರಾಜ್ಯ ವಿಶಾಲವಾಗಿ, ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನ ಜನರಿಗೂ ಅದು ತಮ್ಮ ಮನೆಯಾಯಿತು.

ಬೆಂಗಳೂರಿಗೆ ಬಂದ ಹಳ್ಳಿಯವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದು ಆಗಿನಿಂದಲೂ ಬಂದ ಪದ್ಧತಿ. ಭಾನುವಾರ ಸಂಜೆ ದೀಪ ಹಾಕಿದಾಗ ನೋಡಲೆಂದು ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದವು. ಆದರೆ ದಶಕಗಳು ಉರುಳಿದಂತೆ ಈ ನೋಟ ರಸ್ತೆಯ ಆಚೆ ಬದಿಗೆ ಸರಿಯಿತು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ಉಗ್ರರ ದಾಳಿಯಾಯಿತು. 2005ರ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗೇ ಗುಂಡು ಹಾರಿತು. ಇಂಥ ಒಂದೊಂದು ಘಟನೆಯ ನಂತರವೂ ದೇಶದ ಎಲ್ಲ ಸರ್ಕಾರಿ ಕಟ್ಟಡಗಳ ಸುತ್ತ ಕಾವಲು ಬಿಗಿಯಾಯಿತು. ಈಗ ಸೌಧದ ಸುತ್ತ ಕಬ್ಬಿಣದ ಬೇಲಿ, ಗೇಟುಗಳಲ್ಲಿ ಪೊಲೀಸರು, ಲೋಹಶೋಧಕ ಯಂತ್ರಗಳು. ಸಚಿವಾಲಯದಲ್ಲಿ ಅರ್ಜಿ ಕೊಡಲು ಬರುವವರಿಗೆ ಪಾಸ್, ಅದಕ್ಕೆ ಗೊತ್ತಾದ ಹೊತ್ತು. ಕಾವಲು ಬೇಡ ಎನ್ನುವ ಹಾಗಿಲ್ಲ. ದಿಲ್ಲಿಯಲ್ಲಿ ಆ ದಿನ ಉಗ್ರರನ್ನು ತಡೆಯುತ್ತ ಪ್ರಾಣ ಕೊಟ್ಟವರಲ್ಲಿ ಪೊಲೀಸರಿದ್ದರು, ಸಂಸತ್ತಿನ ಭದ್ರತಾ ಸಿಬ್ಬಂದಿ ಇದ್ದರು, ತೋಟದ ಕೆಲಸದವರೊಬ್ಬರೂ ಇದ್ದರು. ಅವರನ್ನು ಮರೆತು ಈ ವಿಷಯ ಮಾತಾಡಲು ಬರುವುದಿಲ್ಲ.

ಈ ಬಿಗಿಯ ನಡುವೆಯೂ ಈಚಿನ ವರ್ಷಗಳಲ್ಲಿ ಕೆಲವು ಬಾಗಿಲುಗಳು ತೆರೆದಿವೆ. 2018ರ ಮೇ 23ರಂದು ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು ಆ ದೊಡ್ಡ ಮೆಟ್ಟಿಲುಗಳ ಮೇಲೆ, ಸಾವಿರಾರು ಜನರೆದುರು. 2024ರ ಫೆಬ್ರವರಿಯಲ್ಲಿ ಸೌಧದ ಆವರಣದಲ್ಲೇ ಜನಸ್ಪಂದನ ನಡೆಯಿತು. ಪಿಂಚಣಿ, ಜಮೀನು, ಚಿಕಿತ್ಸೆಯ ನೆರವು ಎಂದು ನೂರೆಂಟು ಅಹವಾಲು ಹಿಡಿದು ಜಿಲ್ಲೆ ಜಿಲ್ಲೆಗಳಿಂದ ಜನ ಬಂದರು. 2025ರ ಫೆಬ್ರವರಿ ಕೊನೆಯಲ್ಲಿ ವಿಧಾನಸಭಾಧ್ಯಕ್ಷ ಯು.ಟಿ. ಖಾದರ್ ಅವರ ಮುತುವರ್ಜಿಯಿಂದ ಪುಸ್ತಕ ಮೇಳ ನಡೆದಾಗ, ಓದುಗರು ಪಾಸಿನ ಹಂಗಿಲ್ಲದೆ ಒಳಗೆ ಓಡಾಡಿದರು. ಅದೇ ವರ್ಷದ ಜೂನ್‌ನಲ್ಲಿ ಪ್ರವಾಸೋದ್ಯಮ ನಿಗಮ ಮಾರ್ಗದರ್ಶಕರೊಂದಿಗೆ ಸೌಧ ತೋರಿಸುವ ವ್ಯವಸ್ಥೆ ಶುರುಮಾಡಿತು. ಆನ್‌ಲೈನ್‌ನಲ್ಲಿ ಮುಂಗಡ ಕಾಯ್ದಿರಿಸಬೇಕು, ದೊಡ್ಡವರಿಗೆ 50 ರೂಪಾಯಿ, ಗುರುತಿನ ಚೀಟಿ ಕೈಯಲ್ಲಿರಬೇಕು. ತಂಡ ತಂಡವಾಗಿ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ವಿವರಣೆ.

ಇದು ಮೆಚ್ಚಬೇಕಾದ ಹೆಜ್ಜೆ. ಶಾಸಕರ ಪತ್ರವಿಲ್ಲದೆ, ಯಾರ ಹೆಸರೂ ಹೇಳದೆ, ಒಂದು ಟಿಕೆಟ್ಟಿನ ಬಲದ ಮೇಲೆ ಯಾರು ಬೇಕಾದರೂ ಒಳಗೆ ಹೋಗಬಹುದು ಎಂಬುದೇ ಅದರ ಹೆಚ್ಚುಗಾರಿಕೆ. ಆದರೆ ದಿನಗಳನ್ನು ಗಮನಿಸಬೇಕು: ಎಲ್ಲ ಭಾನುವಾರ, ಮತ್ತು ಎರಡನೇ, ನಾಲ್ಕನೇ ಶನಿವಾರ. ಸರ್ಕಾರಿ ರಜೆಯ ದಿನಗಳವು. ಕಚೇರಿಗಳಿಗೆ ಬೀಗ, ಸದನ ಖಾಲಿ. ಕಲ್ಲು, ಕಂಬ, ಕೆತ್ತನೆ ನೋಡುವುದಕ್ಕೆ ತಡೆಯಿಲ್ಲ. ಆ ಕಲ್ಲಿನ ಮನೆ ಯಾವ ಕೆಲಸಕ್ಕಾಗಿ ಎದ್ದಿತೋ ಆ ಕೆಲಸ ಮಾತ್ರ ನೋಡಲು ಸಿಗುವುದಿಲ್ಲ. ಅದಕ್ಕೆ ಮತ್ತೆ ಶಾಸಕರ ಮನೆಯ ಬಾಗಿಲಿಗೇ ಹೋಗಬೇಕು.

ಬೇರೆ ದೇಶಗಳಲ್ಲಿ ಹೇಗಿದೆ?

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನಮ್ಮ ಸಂಸದೀಯ ಪದ್ಧತಿಯ ತವರು. ಆದರೆ ಅಲ್ಲಿಯೂ ಬಾಗಿಲು ತಾನಾಗಿ ತೆರೆಯಲಿಲ್ಲ. ಬಹುಕಾಲ ಹೆಂಗಸರಿಗೆ ಕಾಮನ್ಸ್ ಸಭೆಯ ಗ್ಯಾಲರಿಯೊಳಗೆ ಪ್ರವೇಶವೇ ಇರಲಿಲ್ಲ. ಆಸಕ್ತಿಯಿದ್ದವರು ಅಟ್ಟದ ಮೇಲೆ ಗಾಳಿಕಿಂಡಿಯ ಸುತ್ತ ಕೂತು, ಕೆಳಗಿನಿಂದ ತೇಲಿಬಂದ ಮಾತುಗಳನ್ನು ಕೇಳಿಸಿಕೊಳ್ಳಬೇಕಿತ್ತು. 1834ರ ಅಕ್ಟೋಬರ್ 16ರ ಬೆಂಕಿಯಲ್ಲಿ ಹಳೆಯ ಅರಮನೆ ಸುಟ್ಟುಹೋಯಿತು. ಹೊಸ ಕಟ್ಟಡದಲ್ಲಿ ಹೆಂಗಸರಿಗೆಂದೇ ಒಂದು ಗ್ಯಾಲರಿ ಬಂತು, ಅದರ ಮುಂದೆ ದಪ್ಪನೆಯ ಲೋಹದ ಜಾಲಂದ್ರವೂ ಬಂತು. ಅವರು ನೋಡಬಹುದು, ಅವರು ಕಾಣಬಾರದು. 1908ರ ಅಕ್ಟೋಬರ್ 28ರಂದು ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಮ್ಯೂರಿಯಲ್ ಮ್ಯಾಟರ್ಸ್ ಮತ್ತು ಹೆಲೆನ್ ಫಾಕ್ಸ್ ಆ ಜಾಲಂದ್ರಕ್ಕೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡು ಘೋಷಣೆ ಕೂಗಿದರು. ಬೀಗ ಬಿಡಿಸಲಾಗದೆ ಸಿಬ್ಬಂದಿ ಜಾಲಂದ್ರವನ್ನೇ ಕಿತ್ತು, ಅದರ ಸಮೇತ ಅವರನ್ನು ಹೊರಗೆ ಸಾಗಿಸಬೇಕಾಯಿತು. 1917ರಲ್ಲಿ ಜಾಲಂದ್ರಗಳನ್ನು ಪೂರ್ತಿ ತೆಗೆದುಹಾಕಿದರು. ಅವುಗಳಲ್ಲಿ ಕೆಲವನ್ನು ಈಗ ಅದೇ ಕಟ್ಟಡದ ನಡುವಿನ ಮೊಗಸಾಲೆಯ ಕಿಟಕಿಗಳಲ್ಲಿ ಕಾಣಬಹುದು.

ಎಂಟು ಮೂಲೆಯ ಆ ಮೊಗಸಾಲೆ ಬ್ರಿಟನ್ನಿನ ಪ್ರಜೆಗೆ ದೊಡ್ಡ ಆಸರೆ. ಯಾವ ಮತದಾರನಾದರೂ ಬಂದು, ತನ್ನ ಸಂಸದರನ್ನು ನೋಡಬೇಕು ಎಂದು ಒಂದು ಹಸಿರು ಚೀಟಿ ಬರೆದುಕೊಡಬಹುದು. ಸಿಬ್ಬಂದಿ ಅದನ್ನು ಸಂಸದರಿಗೆ ಮುಟ್ಟಿಸಲು ಪ್ರಯತ್ನಿಸುತ್ತಾರೆ. ಕಲಾಪ ನೋಡುವುದು ಇನ್ನೂ ಸುಲಭ. ಸದನ ನಡೆಯುವ ದಿನ ಹೊರಗಿನ ಸಾಲಿನಲ್ಲಿ ನಿಲ್ಲಬೇಕು, ವಿಮಾನ ನಿಲ್ದಾಣದಲ್ಲಿ ಮಾಡುವ ಹಾಗೆ ತಪಾಸಣೆ ಮಾಡಿಸಿಕೊಳ್ಳಬೇಕು, ಜಾಗವಿದ್ದರೆ ಹೋಗಿ ಕೂರಬೇಕು. ಹಣವಿಲ್ಲ, ಪತ್ರವಿಲ್ಲ, ವಿದೇಶದ ಪ್ರವಾಸಿಗೂ ಅದೇ ಸಾಲು. ಬುಧವಾರದ ಪ್ರಧಾನಿಯ ಪ್ರಶ್ನೋತ್ತರಕ್ಕೆ ಮಾತ್ರ ನೂಕುನುಗ್ಗಲು ಹೆಚ್ಚು, ಹಾಗಾಗಿ ಅಲ್ಲಿನ ನಿವಾಸಿಗಳು ಸಂಸದರ ಮೂಲಕ ಮೊದಲೇ ಟಿಕೆಟ್ ಪಡೆಯುತ್ತಾರೆ.

ಜರ್ಮನಿಯದು ಇನ್ನೊಂದು ದಾರಿ, ಇನ್ನೂ ಗಟ್ಟಿಯಾದದ್ದು. ಬುಂಡೆಸ್ಟಾಗ್‌ನ ಅಧಿವೇಶನಗಳು ಸಾರ್ವಜನಿಕವಾಗಿ ನಡೆಯಬೇಕು ಎಂದು ಅಲ್ಲಿನ ಸಂವಿಧಾನದ 42ನೇ ವಿಧಿಯೇ ಹೇಳುತ್ತದೆ. ಜನರನ್ನು ಹೊರಗಿಡಬೇಕಾದರೆ ಮೂರನೇ ಎರಡರಷ್ಟು ಬಹುಮತ ಬೇಕು. 1933ರ ಫೆಬ್ರವರಿಯಲ್ಲಿ ಬೆಂಕಿಗೆ ಆಹುತಿಯಾಗಿ, ಆಮೇಲೆ ಯುದ್ಧದಲ್ಲೂ ಜರ್ಜರಿತವಾದ ರೈಷ್‌ಟಾಗ್ ಕಟ್ಟಡವನ್ನು ವಾಸ್ತುಶಿಲ್ಪಿ ನಾರ್ಮನ್ ಫೋಸ್ಟರ್ ಮತ್ತೆ ಎಬ್ಬಿಸಿದರು. 1999ರ ಏಪ್ರಿಲ್‌ನಲ್ಲಿ ಅದು ತೆರೆದಾಗ ನೆತ್ತಿಯ ಮೇಲೆ ನಲವತ್ತು ಮೀಟರ್ ಅಗಲದ ಗಾಜಿನ ಗುಮ್ಮಟವಿತ್ತು. ಜನ ಸುರುಳಿದಾರಿಯಲ್ಲಿ ಅದರೊಳಗೆ ನಡೆದು ಮೇಲೇರುತ್ತಾರೆ. ಕೆಳಗೆ ಬಗ್ಗಿ ನೋಡಿದರೆ ಸದನ. ಜನಪ್ರತಿನಿಧಿಗಳ ತಲೆಯ ಮೇಲೆ ಜನ. 2010ರಲ್ಲಿ ಉಗ್ರರ ಬೆದರಿಕೆ ಬಂದಾಗ ಗುಮ್ಮಟವನ್ನು ಕೆಲಕಾಲ ಮುಚ್ಚಿದರು, ನಂತರ ಹೆಸರು ಮತ್ತು ಜನ್ಮದಿನಾಂಕ ಕೊಟ್ಟು ಮೊದಲೇ ನೋಂದಾಯಿಸಿಕೊಳ್ಳುವ ನಿಯಮ ಬಂತು. ಭದ್ರತೆಯೂ ಉಳಿಯಿತು, ಪ್ರವೇಶವೂ ಉಳಿಯಿತು, ಅದೂ ಉಚಿತವಾಗಿ. ಗುಮ್ಮಟಕ್ಕಷ್ಟೇ ಅಲ್ಲ, ನಡೆಯುತ್ತಿರುವ ಕಲಾಪ ನೋಡಲೂ ಇದೇ ರೀತಿ ಹೆಸರು ಬರೆಸಬಹುದು.

ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ನಡೆದದ್ದು ಎಚ್ಚರಿಕೆಯ ಕಥೆ. 1988ರ ಮೇ 9ರಂದು ಉದ್ಘಾಟನೆಯಾದ ಅಲ್ಲಿನ ಸಂಸತ್ ಭವನವನ್ನು ರೊಮಾಲ್ಡೊ ಜುರ್ಗೋಲ ಗುಡ್ಡದೊಳಗೆ ಹುದುಗಿಸಿ ಕಟ್ಟಿದ್ದರು. ಇಳಿಜಾರಿನ ಹುಲ್ಲುಹಾಸು ನೆಲದಿಂದ ಛಾವಣಿಯ ತನಕ ಹಬ್ಬಿತ್ತು. ಯಾರು ಬೇಕಾದರೂ ತಮ್ಮ ಸಂಸದರ ನೆತ್ತಿಯ ಮೇಲೆ ಅಡ್ಡಾಡಬಹುದಿತ್ತು, ಮಕ್ಕಳು ಆ ಇಳಿಜಾರಿನಲ್ಲಿ ಉರುಳುತ್ತ ಬೆಳೆದರು. 2016ರ ನವೆಂಬರ್ ಕೊನೆಯಲ್ಲಿ ನಿರಾಶ್ರಿತರ ಪರವಾದ ಪ್ರತಿಭಟನಕಾರರು ಗ್ಯಾಲರಿಯಲ್ಲಿ ಎದ್ದು ಕೂಗಿದರು, ಕೆಲವರು ಕಂಬಿಗೆ ಕೈಯನ್ನು ಅಂಟಿನಿಂದ ಅಂಟಿಸಿಕೊಂಡರು, ಪ್ರಶ್ನೋತ್ತರ ಕಲಾಪ ನಿಂತಿತು. ಅದಾಗಿ ಕೆಲವೇ ದಿನಗಳಲ್ಲಿ ಹುಲ್ಲಿನ ಇಳಿಜಾರಿಗೆ ಅಡ್ಡವಾಗಿ ಬೇಲಿ ಕಟ್ಟುವುದಕ್ಕೆ ಒಪ್ಪಿಗೆ ಸಿಕ್ಕಿತು. ಡಿಸೆಂಬರ್‌ನಲ್ಲಿ ನೂರಾರು ಜನ ಬಂದು, ಕೊನೆಯ ಬಾರಿಗೆಂಬಂತೆ, ಛಾವಣಿಯಿಂದ ಒಟ್ಟಾಗಿ ಉರುಳಿದರು. ಆದರೂ ಬೇಲಿ ನಿಂತಿತು. ಆದರೆ ಗ್ಯಾಲರಿಯ ಬಾಗಿಲು ಅಲ್ಲಿ ಇಂದಿಗೂ ತೆರೆದೇ ಇದೆ. ಪ್ರತಿನಿಧಿ ಸಭೆಯ ಪ್ರಶ್ನೋತ್ತರ ಕಲಾಪಕ್ಕೆ ಸೀಟು ಬೇಕಾದವರು ಸದನದ ಕಚೇರಿಗೆ ಫೋನ್ ಮಾಡಿ ಕಾಯ್ದಿರಿಸಬಹುದು, ಸಂಸದರ ಪರಿಚಯ ಬೇಕಿಲ್ಲ.

ಅಮೆರಿಕದಲ್ಲಿ ಗ್ಯಾಲರಿಯ ಪಾಸ್ ಸಿಗುವುದು ನಮ್ಮಲ್ಲಿಯ ಹಾಗೆ ಸದಸ್ಯರ ಕಚೇರಿಯಿಂದಲೇ. ಆದರೆ ತನ್ನ ಕ್ಷೇತ್ರದ ಮತದಾರ ಕೇಳಿದಾಗ ಪಾಸ್ ಕೊಡುವುದು ಅಲ್ಲಿ ಕಚೇರಿಯ ನಿತ್ಯದ ಕೆಲಸ.

ಈಗ ಭದ್ರತೆಯ ಪ್ರಶ್ನೆಗೆ ಬರಬೇಕು. ಶಿಫಾರಸಿನ ಪದ್ಧತಿಯನ್ನು ಸಮರ್ಥಿಸುವವರು ಹೇಳುವುದು ಒಂದೇ: ಶಾಸಕರು ಗೊತ್ತಿರುವವರನ್ನೇ ಕಳಿಸುತ್ತಾರೆ, ಅದರಿಂದ ಅಪಾಯ ಕಡಿಮೆ. ಕೇಳಲು ಸರಿಯೆನಿಸುವ ಮಾತು. ನಡೆದಿರುವ ಘಟನೆಗಳು ಬೇರೆಯದನ್ನೇ ಹೇಳುತ್ತವೆ.

2023ರ ಡಿಸೆಂಬರ್ 13, ಸಂಸತ್ ದಾಳಿಯ 22ನೇ ವರ್ಷ. ಹೊಸ ಸಂಸತ್ ಭವನ ಉದ್ಘಾಟನೆಯಾಗಿ ಏಳು ತಿಂಗಳೂ ಕಳೆದಿರಲಿಲ್ಲ. ಇಬ್ಬರು ಯುವಕರು ವೀಕ್ಷಕರ ಗ್ಯಾಲರಿಯಿಂದ ಲೋಕಸಭೆಯೊಳಗೆ ಜಿಗಿದು ಹಳದಿ ಹೊಗೆ ಹಬ್ಬಿಸಿದರು. ಸಂಸದರೇ ಅವರನ್ನು ಹಿಡಿದರು. ಅವರ ಕೈಯಲ್ಲಿದ್ದ ಪಾಸುಗಳು ಮೈಸೂರು ಸಂಸದರ ಕಚೇರಿಯ ಮೂಲಕ ಸಿಕ್ಕಿದ್ದವು. ಇಬ್ಬರಲ್ಲಿ ಒಬ್ಬ ಮೈಸೂರಿನವನೇ. ಯಾವ ಸಂಸದರೂ ತಮ್ಮ ಕ್ಷೇತ್ರದಿಂದ ಬಂದ ಪ್ರತಿಯೊಬ್ಬನ ಮನಸ್ಸಿನಲ್ಲಿ ಏನಿದೆ ಎಂದು ಬಲ್ಲವರಲ್ಲ. ದಿನಕ್ಕೆ ಹತ್ತಾರು ಮನವಿ ಬರುವ ಕಚೇರಿಯಲ್ಲಿ ಖುದ್ದು ಪರಿಚಯ ಎಂಬ ಸಹಿಗೆ ಎಷ್ಟು ಬೆಲೆ ಉಳಿದೀತು? ಆ ದಿನದ ನಂತರ ವೀಕ್ಷಕರ ಪಾಸುಗಳನ್ನು ಕೆಲಕಾಲ ನಿಲ್ಲಿಸಲಾಯಿತು, 2024ರ ಮೇ ತಿಂಗಳಲ್ಲಿ ಸಂಸತ್ತಿನ ಭದ್ರತೆಯ ಹೊಣೆ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ಹೋಯಿತು.

ಲಂಡನ್ನಿನ ಅನುಭವವೂ ಇದೇ. 2004ರಲ್ಲಿ ಕಾಮನ್ಸ್ ಸಭೆಯ ಸಾರ್ವಜನಿಕ ಗ್ಯಾಲರಿಯ ಮುಂದೆ ಭಾರಿ ಖರ್ಚಿನಲ್ಲಿ ಗಾಜಿನ ಗೋಡೆ ಎದ್ದಿತ್ತು. ಅದಾಗಿ ಕೆಲವೇ ವಾರಗಳಲ್ಲಿ, ಮೇ 19ರಂದು, ಪ್ರಧಾನಿ ಟೋನಿ ಬ್ಲೇರ್ ಮಾತಾಡುತ್ತಿದ್ದಾಗ ನೇರಳೆ ಬಣ್ಣದ ಹಿಟ್ಟಿನ ಪೊಟ್ಟಣ ಅವರ ಬೆನ್ನಿಗೆ ಬಡಿಯಿತು. ಎಸೆದವರು ಸಾಮಾನ್ಯರ ಸಾಲಿನಲ್ಲಿ ನಿಂತು ಬಂದವರಲ್ಲ. ಗಾಜಿನ ಈಚೆಗಿರುವ, ಗಣ್ಯರ ಅತಿಥಿಗಳಿಗೆ ಮೀಸಲಾದ ಆಸನಗಳಲ್ಲಿ ಕೂತಿದ್ದರು. ಮೇಲ್ಮನೆಯ ಸದಸ್ಯರೊಬ್ಬರ ಟಿಕೆಟುಗಳು ದಾನನಿಧಿಯ ಹರಾಜಿನಲ್ಲಿ ಅವರ ಕೈ ಸೇರಿದ್ದವು. ತಪಾಸಣೆ ಮಾಡಿಸಿಕೊಂಡು ಬಂದ ಅಪರಿಚಿತರು ಗಾಜಿನ ಹಿಂದೆ ಸುಮ್ಮನೆ ಕೂತು ನೋಡುತ್ತಿದ್ದರು.

ಬೆಂಗಳೂರಿನ ಬಜೆಟ್ ದಿನದ ಪ್ರಸಂಗವನ್ನು ಇವುಗಳ ಸಾಲಿಗೆ ಸೇರಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಎಡವಿದ್ದು ಬಾಗಿಲು ತೆರೆದದ್ದರಿಂದಲ್ಲ. ಯಾರು ಒಳಗೆ ಬಂದರು, ಒಳಗೆ ಬಂದವರು ಎಲ್ಲಿ ಕೂತರು ಎಂದು ಕಣ್ಣಿಡುವುದರಲ್ಲಿ ಎಡವಿದ್ದು. ನೋಂದಣಿ, ಗುರುತಿನ ಚೀಟಿ, ತಪಾಸಣೆ, ಗ್ಯಾಲರಿಯಲ್ಲಿ ನಿಗದಿತ ಆಸನ, ಜೊತೆಗೆ ಕಣ್ಣು ತೆರೆದಿರುವ ಮಾರ್ಷಲ್‌ಗಳು, ಇವು ಕಾಪಾಡುತ್ತವೆ. ಶಿಫಾರಸು ಪತ್ರ ಯಾರನ್ನೂ ಕಾಪಾಡುವುದಿಲ್ಲ.

ಗ್ಯಾಲರಿಯಿಂದ ಎಸೆದ ವಸ್ತು ಎಂದಾಗ ಭಾರತೀಯರಿಗೆ ಮೊದಲು ನೆನಪಾಗುವುದು 1929ರ ಏಪ್ರಿಲ್ 8. ಕೇಂದ್ರ ಶಾಸನ ಸಭೆಯಲ್ಲಿ ಕಾರ್ಮಿಕ ವ್ಯಾಜ್ಯ ಮತ್ತು ಸಾರ್ವಜನಿಕ ಸುರಕ್ಷತೆಯ ಮಸೂದೆಗಳ ಹೊತ್ತು. ವಿಠಲಭಾಯಿ ಪಟೇಲರು ಅಧ್ಯಕ್ಷ ಪೀಠದಲ್ಲಿದ್ದರು. ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಯಾರ ಜೀವಕ್ಕೂ ಅಪಾಯವಾಗದ ಹಾಗೆ ಖಾಲಿ ಜಾಗ ನೋಡಿ ಬಾಂಬ್ ಎಸೆದು, ಕರಪತ್ರ ತೂರಿ, ಓಡಿಹೋಗದೆ ಅಲ್ಲೇ ನಿಂತರು. ಆ ಸಭೆ ಈ ದೇಶದ ಜನರದ್ದಾಗಿರಲಿಲ್ಲ, ಅದರ ಮಾತನ್ನು ವೈಸ್‌ರಾಯ್ ತಳ್ಳಿಹಾಕಬಹುದಿತ್ತು. ಇವತ್ತಿನ ಸದನ ಜನರದ್ದು. ಅಂಥ ಸದನವನ್ನು ನೋಡಲು ಜನ ಯಾರ ಮರ್ಜಿಗೂ ಕಾಯುವಂತಾಗಬಾರದು.

ಕಾನೂನಿನ ಮಾತಿಗೆ ಬಂದರೆ, ಅಧಿವೇಶನ ಸಾರ್ವಜನಿಕವಾಗಿರಬೇಕು ಎಂಬ ಜರ್ಮನಿಯಂಥ ನೇರ ವಿಧಿ ನಮ್ಮ ಸಂವಿಧಾನದಲ್ಲಿಲ್ಲ. 208ನೇ ವಿಧಿ ರಾಜ್ಯ ಶಾಸಕಾಂಗಕ್ಕೆ ತನ್ನ ನಡಾವಳಿಯ ನಿಯಮಗಳನ್ನು ತಾನೇ ಮಾಡಿಕೊಳ್ಳುವ ಅಧಿಕಾರ ಕೊಟ್ಟಿದೆ. ಆ ನಿಯಮಗಳ ಪ್ರಕಾರ ಹೊರಗಿನವರ ಪ್ರವೇಶ ಸಭಾಧ್ಯಕ್ಷರ ವಿವೇಚನೆಗೆ ಬಿಟ್ಟದ್ದು. ಬೇಕೆನಿಸಿದರೆ ಅವರು ಗ್ಯಾಲರಿ ತೆರವು ಮಾಡಿಸಲೂಬಹುದು. ರಸ್ತೆಯ ಆಚೆ ಬದಿಯಲ್ಲಿ ಕೆಂಪು ಬಣ್ಣದ ಅಠಾರ ಕಚೇರಿಯಿದೆ, ನಮ್ಮ ಹೈಕೋರ್ಟು. ಅಲ್ಲಿ ವಿಚಾರಣೆ ನಡೆಯುವುದು ತೆರೆದ ನ್ಯಾಯಾಲಯದಲ್ಲಿ ಎಂಬುದು ತತ್ತ್ವ. ಎದುರು ಬದುರು ನಿಂತ ಎರಡು ಸಂಸ್ಥೆಗಳಲ್ಲಿ ಒಂದು ಜನರ ಹಾಜರಿಯನ್ನು ತನ್ನ ಸ್ವಭಾವವೆಂದು ಒಪ್ಪಿಕೊಂಡಿದೆ, ಇನ್ನೊಂದು ಅದನ್ನು ಅನುಗ್ರಹವೆಂದು ಉಳಿಸಿಕೊಂಡಿದೆ. ಇದನ್ನು ಬದಲಿಸಲು ಸಂವಿಧಾನ ತಿದ್ದಬೇಕಿಲ್ಲ. ಸಭಾಧ್ಯಕ್ಷರು ಮತ್ತು ಸದನ ಮನಸ್ಸು ಮಾಡಿದರೆ ಸಾಕು.

ಕಲಾಪ ಯೂಟ್ಯೂಬ್‌ನಲ್ಲಿ ನೇರ ಪ್ರಸಾರವಾಗುತ್ತದೆ, ಮನೆಯಲ್ಲೇ ಕೂತು ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. ಪ್ರಸಾರ ದೊಡ್ಡ ಉಪಕಾರವೇ. ಬೀದರಿನ ರೈತ, ಚಾಮರಾಜನಗರದ ವಿದ್ಯಾರ್ಥಿನಿ ಬೆಂಗಳೂರಿಗೆ ಬಾರದೆ ಸದನ ನೋಡಬಹುದು. ಆದರೆ ಅಧಿಕೃತ ಕ್ಯಾಮೆರಾ ಮಾತಾಡುವವರ ಮೇಲೆ, ಸಭಾಧ್ಯಕ್ಷರ ಮೇಲೆ ನಿಲ್ಲುವುದೇ ಹೆಚ್ಚು. ಖಾಲಿ ಬೆಂಚು, ಕೇಳುತ್ತಿರುವವರ ಮುಖ, ಮಸೂದೆ ಓದುವಾಗ ಎಷ್ಟು ಜನ ಒಳಗಿದ್ದರು ಎಂಬುದು ಅದರ ಚೌಕಟ್ಟಿಗೆ ಬೀಳುವುದಿಲ್ಲ. 2012ರ ಫೆಬ್ರವರಿಯಲ್ಲಿ ಸದನದೊಳಗೆ ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ನೋಡಿದ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟದ್ದು ರಾಜ್ಯಕ್ಕೆ ನೆನಪಿದೆ. ಅದನ್ನು ಹಿಡಿದದ್ದು ಖಾಸಗಿ ವಾಹಿನಿಗಳ ಕ್ಯಾಮೆರಾ. 2019ರ ಅಕ್ಟೋಬರ್‌ನಲ್ಲಿ ಆ ಕ್ಯಾಮೆರಾಗಳಿಗೆ ವಿಧಾನಸಭೆಯೊಳಗೆ ನಿರ್ಬಂಧ ಬಿತ್ತು. ಸದನವೇ ಕೊಡುವ ದೃಶ್ಯವನ್ನು ವಾಹಿನಿಗಳು ಬಳಸಬೇಕಾಯಿತು. ಬೇರೆ ಕಣ್ಣುಗಳು ಕಡಿಮೆಯಾದಾಗ ಗ್ಯಾಲರಿಯಲ್ಲಿ ಕೂತ ನಾಗರಿಕನ ಕಣ್ಣಿಗೆ ಬೆಲೆ ಹೆಚ್ಚುತ್ತದೆ.

ಬೆಳಗಾವಿಯ ಸುವರ್ಣ ವಿಧಾನಸೌಧದ ಕಥೆ ಇದಕ್ಕೆ ಇನ್ನೊಂದು ಮುಖ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದ ಆ ಭವ್ಯ ಕಟ್ಟಡದಲ್ಲಿ ಸದನ ಸೇರುವುದು ಸಾಮಾನ್ಯವಾಗಿ ಚಳಿಗಾಲದ ಕೆಲವೇ ದಿನ. ಆ ದಿನಗಳಲ್ಲಿ ಉತ್ತರ ಕರ್ನಾಟಕದ ಶಾಲೆ ಕಾಲೇಜುಗಳಿಂದ ಮಕ್ಕಳು ಬಸ್ಸುಗಳಲ್ಲಿ ಬಂದು ಕಲಾಪ ನೋಡುತ್ತಾರೆ. ಕಬ್ಬು ಬೆಳೆಗಾರರು, ಅಂಗನವಾಡಿ ಕಾರ್ಯಕರ್ತೆಯರು, ಅತಿಥಿ ಉಪನ್ಯಾಸಕರು, ಹೀಗೆ ಬೇಡಿಕೆಯಿದ್ದವರೆಲ್ಲ ಸೌಧದ ಸಮೀಪದ ಹೊಲಗಳಲ್ಲಿ ಶಾಮಿಯಾನ ಹಾಕಿ ಕೂರುತ್ತಾರೆ. ಒಬ್ಬೊಬ್ಬ ಮಂತ್ರಿ ಬಂದು ಮನವಿ ಪಡೆದು ಹೋಗುವುದು ಅಲ್ಲಿನ ವಾಡಿಕೆ. 2024ರ ಡಿಸೆಂಬರ್ 10ರಂದು ಮೀಸಲಾತಿಗಾಗಿ ಪಂಚಮಸಾಲಿ ಸಮುದಾಯದವರು ಸೌಧದತ್ತ ಮುನ್ನುಗ್ಗಿದಾಗ ಲಾಠಿ ಪ್ರಹಾರವೂ ಆಯಿತು. ಬೆಂಗಳೂರಿನಲ್ಲಾದರೆ ಈ ಸದ್ದು ಸದನದ ಕಿವಿಗೆ ಬೀಳುವುದೇ ಇಲ್ಲ. 2021ರ ಆದೇಶದಂತೆ ನಗರದ ಪ್ರತಿಭಟನೆಗಳೆಲ್ಲ ಹಳೆಯ ಸೆಂಟ್ರಲ್ ಜೈಲಿನ ಜಾಗದ ಫ್ರೀಡಂ ಪಾರ್ಕಿನಲ್ಲೇ ನಡೆಯಬೇಕು. ಸಂಚಾರಕ್ಕೆ ತೊಂದರೆಯಾಗದಿರಲಿ ಎನ್ನುವ ಅದರ ಉದ್ದೇಶ ನ್ಯಾಯವಾದದ್ದೇ. ಆದರೆ ಬೀದಿಯಿಂದ ಜನರನ್ನು ದೂರ ಕಳಿಸಿದ ಮೇಲೆ ಗ್ಯಾಲರಿಗೆ ಕರೆಯುವುದು ಇನ್ನಷ್ಟು ಅಗತ್ಯ.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಭಾನುವಾರದ ಸೌಧ ದರ್ಶನಕ್ಕೆ ಆನ್‌ಲೈನ್ ನೋಂದಣಿ ಈಗಾಗಲೇ ಕೆಲಸ ಮಾಡುತ್ತಿದೆ. ಗುರುತಿನ ಚೀಟಿ ನೋಡುವ ಸಿಬ್ಬಂದಿ ಇದ್ದಾರೆ, ತಪಾಸಣೆಯ ಯಂತ್ರಗಳಿವೆ. ಅಧಿವೇಶನದ ದಿನಗಳಲ್ಲಿ ವೀಕ್ಷಕರ ಗ್ಯಾಲರಿಯ ಒಂದು ಪಾಲು ಆಸನಗಳನ್ನು ಅದೇ ವ್ಯವಸ್ಥೆಗೆ ಸೇರಿಸಿ, ಮೊದಲು ಕೇಳಿದವರಿಗೆ ಮೊದಲು ಎಂದು ಕೊಡಬಹುದು. ದೂರದ ಜಿಲ್ಲೆಯವರಿಗೆ ವಾರ ಮೊದಲೇ ದಿನ ಗೊತ್ತುಮಾಡಿ ಕೊಟ್ಟರೆ ಅವರು ರೈಲು ಟಿಕೆಟ್ ಮಾಡಿಸಿಕೊಂಡು ಬರಬಹುದು. ಬಂದವರಿಗೆ ಸೌಧದ ಬಾಗಿಲಲ್ಲೇ ಮೆಟ್ರೊ ನಿಲ್ದಾಣವಿದೆ. ಆ ದಿನ ಚರ್ಚೆಗೆ ಬರುವ ಮಸೂದೆಗಳ ಪಟ್ಟಿಯನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೈಗೆ ಕೊಟ್ಟರೆ, ಕೂತವರಿಗೆ ಕೆಳಗೆ ಏನು ನಡೆಯುತ್ತಿದೆ ಎಂಬುದೂ ತಿಳಿಯುತ್ತದೆ. ಶಾಸಕರ ಶಿಫಾರಸಿನ ಪಾಸುಗಳು ಬೇಕಾದರೆ ಪಕ್ಕದಲ್ಲೇ ಮುಂದುವರಿಯಲಿ. ಬೆಳಗಾವಿಯ ಅಧಿವೇಶನ ದಿನಗಳ ಲೆಕ್ಕದಲ್ಲಿ ಚಿಕ್ಕದು. ಪ್ರಯೋಗ ಶುರುಮಾಡಲು ಅದೇ ಒಳ್ಳೆಯ ಜಾಗ.